ಪುಟ್ಟಗೌರಿ ಬೆಳೆದಳು, ಅಜ್ಜಮ್ಮ ಬೆಳೆಯಲಿಲ್ಲ

ಈ ಸಂಚಿಕೆಗೆ ಸಾಮಾಜಿಕ ಸಮಸ್ಯೆಯೊಂದರ ಬಗ್ಗೆ ಬರೆದುಕೊಡಿ ಎಂದು ಕನ್ನಡ ಸರ್ ಹೇಳಿದಾಗ ತರಗತಿಯಲ್ಲಿ ನಾಲ್ಕೈದು ಜನ ವರದಕ್ಷಿಣೆ ಎಂದರು, ಇಬ್ಬರು ಮೊಬೈಲ್ ಚಟ ಎಂದರು. ನಾನು ಪುಟ್ಟಗೌರಿ ಎಂದೆ. ಎಲ್ಲರೂ ನಕ್ಕರು. ಹಿಂದಿನ ಬೆಂಚಿನಿಂದ ಒಬ್ಬಳು "ಬೆಟ್ಟದ ಮೇಲಿಂದ ಬಿದ್ದರೂ ಸಾಯಲಿಲ್ಲ ಅಲ್ಲಾ, ಅಕಿನಾ?" ಎಂದು ಕೇಳಿದಳು. ಹೌದು, ಆಕೆಯೇ. ಒಂದು ಧಾರಾವಾಹಿಯ ಹುಡುಗಿ ಬಾಲ್ಯವಿವಾಹದ ಕಥೆಯಿಂದ ಹೊರಟು ಬೆಟ್ಟದ ತುದಿಗೆ ಬಂದು ನಿಂತದ್ದು ಹೇಗೆ, ಅದರಿಂದ ನಮಗೆ ಏನು ನಷ್ಟವಾಯಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೂಲ ಕಥೆ ಕನ್ನಡದ್ದಲ್ಲ. 2008ರ ಜುಲೈನಲ್ಲಿ ಕಲರ್ಸ್ ಹಿಂದಿ ವಾಹಿನಿ ಶುರುವಾದಾಗ ಅದರ ಜೊತೆಗೇ ಬಂದದ್ದು 'ಬಾಲಿಕಾ ವಧು'. ರಾಜಸ್ಥಾನದ ಹಳ್ಳಿಯೊಂದರಲ್ಲಿ ಎಂಟು ವರ್ಷದ ಆನಂದಿಯನ್ನು ಜಗದೀಶ ಎಂಬ ಹುಡುಗನಿಗೆ ಕೊಟ್ಟು ಮದುವೆ ಮಾಡುವ ಕಥೆ. ಅದು ಎಂಟು ವರ್ಷ ಓಡಿ 2016ರ ಜುಲೈನಲ್ಲಿ ಮುಗಿಯಿತು. ಆಗ ಕನ್ನಡದಲ್ಲಿ ಡಬ್ಬಿಂಗ್ ನಡೆಯುತ್ತಿರಲಿಲ್ಲ. ಬೇರೆ ಭಾಷೆಯ ಧಾರಾವಾಹಿ ಬೇಕೆಂದರೆ ಹೊಸದಾಗಿ ಕನ್ನಡದಲ್ಲೇ ತೆಗೆಯಬೇಕಿತ್ತು. ಹಾಗೆ 2012ರಲ್ಲಿ ಈಟಿವಿ ಕನ್ನಡದಲ್ಲಿ ಬಂದದ್ದು ರಾಮ್‌ಜಿ ಅವರ ನಿರ್ದೇಶನದ 'ಪುಟ್ಟಗೌರಿ ಮದುವೆ'. ಆ ವಾಹಿನಿಯೇ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ಪುಟ್ಟ ಗೌರಿಯಾಗಿ ಸಾನ್ಯಾ ಅಯ್ಯರ್, ದೊಡ್ಡವಳಾದ ಗೌರಿಯಾಗಿ ರಂಜನಿ ರಾಘವನ್, ಗಂಡ ಮಹೇಶನಾಗಿ ರಕ್ಷಿತ್ ಗೌಡ, ಮನೆಯ ಯಜಮಾನಿ ಅಜ್ಜಮ್ಮನಾಗಿ ಚಂದ್ರಕಲಾ ಮೋಹನ್ ಅಭಿನಯಿಸಿದ್ದರು.

ನಮ್ಮೂರು ತೆಂಗಳಿಯಲ್ಲಿ ನಮಗೆ ಎರಡೂ ಸಿಕ್ಕವು. ನಮ್ಮ ಮನೆಯಲ್ಲಿ ಮಾತು ದಖ್ಖನಿ, ಟೀವಿ ಹಿಂದಿ. ನಾನಿಗೆ ಆನಂದಿ. ಪಕ್ಕದ ಮನೆಯ ಆಯಿಗೆ ಪುಟ್ಟಗೌರಿ. ನಾನು ಆರೇಳು ವರ್ಷದವಳಿದ್ದಾಗ ಸಂಜೆ ಅವರ ಮನೆಯಲ್ಲಿ ಗೌರಿಯನ್ನು ನೋಡಿ, ಊಟಕ್ಕೆ ಕರೆದಾಗ ಬಂದು ನಮ್ಮ ಮನೆಯಲ್ಲಿ ಆನಂದಿಯನ್ನು ನೋಡುತ್ತಿದ್ದೆ. ಒಬ್ಬಳೇ ಹುಡುಗಿ ಎರಡು ಮನೆಯಲ್ಲಿ ಎರಡು ಹೆಸರಿನಿಂದ ಇದ್ದಾಳೆ ಎಂದೇ ಬಹಳ ದಿನ ತಿಳಿದುಕೊಂಡಿದ್ದೆ.

ಈಗ ಪಾತ್ರದ ವಿಷಯಕ್ಕೆ ಬರುತ್ತೇನೆ. ಆನಂದಿಯಾಗಲಿ ಗೌರಿಯಾಗಲಿ, ಆಡುವ ವಯಸ್ಸಿನಲ್ಲಿ ಗಂಡನ ಮನೆ ಸೇರಿದ ಮಗು. ಆಕೆಯ ತೊಂದರೆ ದೊಡ್ಡ ದೊಡ್ಡ ಮಾತಿನಲ್ಲಿ ಶುರುವಾಗುವುದಿಲ್ಲ. ಓಡಬಾರದು, ಜೋರಾಗಿ ನಗಬಾರದು, ತಲೆಯ ಮೇಲಿನ ಸೆರಗು ಜಾರಬಾರದು ಎಂಬಲ್ಲಿಂದ ಶುರು. ಆಮೇಲೆ ಶಾಲೆ. ಓದಿನಲ್ಲಿ ಜಗದೀಶನಿಗಿಂತ ಮುಂದೆ ಹೋದದ್ದೇ ಆನಂದಿಯ ತಪ್ಪಾಯಿತು, ಶಾಲೆ ನಿಂತಿತು. ಇದನ್ನು ನೋಡುವಾಗ ನನಗೆ ನಗು ಬರುತ್ತಿತ್ತು, ಹೀಗೂ ಇರುತ್ತದೆಯೇ ಎಂದು. ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನಲ್ಲಿ ನನಗಿಂತ ಹೆಚ್ಚು ಅಂಕ ತೆಗೆದ ಹುಡುಗಿ ಇವತ್ತು ಯಾವ ಕಾಲೇಜಿನಲ್ಲೂ ಇಲ್ಲ. ಈಗ ನಗು ಬರುವುದಿಲ್ಲ.

ಧಾರಾವಾಹಿ ಬರೆಯುವವರಿಗೆ ಇಲ್ಲಿ ಒಂದು ಕಷ್ಟವಿದೆ. ಬಾಲ್ಯವಿವಾಹ ಎಂಬುದು ಒಂದು ಸಮಸ್ಯೆಯಲ್ಲ, ಒಂದು ಗಂಟು. ಬಿಚ್ಚಿದರೆ ಒಳಗೆ ಓದು ನಿಲ್ಲುವುದು, ಎಳೆ ವಯಸ್ಸಿನ ಬಸಿರು, ಚಿಕ್ಕ ವಯಸ್ಸಿನ ವಿಧವೆತನ, ಬಡತನಕ್ಕೆ ಮಗಳನ್ನು ಮುದುಕನಿಗೆ ಕೊಡುವುದು ಎಲ್ಲವೂ ಇರುತ್ತವೆ. ಎಲ್ಲವನ್ನೂ ಒಬ್ಬ ಹುಡುಗಿಯ ಮೇಲೆ ಹೇರಿದರೆ ಯಾರೂ ನಂಬುವುದಿಲ್ಲ. 'ಬಾಲಿಕಾ ವಧು' ಇದನ್ನು ಜಾಣತನದಿಂದ ಮಾಡಿತು. ಗೆಳತಿ ಫೂಲಿಯನ್ನು ಬಾಲವಿಧವೆಯಾಗಿಸಿತು. ಜಗದೀಶನ ಅಕ್ಕ ಸುಗನಾ ಮದುವೆಯಾಗಿಯೂ ತವರಲ್ಲೇ ಇದ್ದಾಗ ಬಸಿರಾಗುತ್ತಾಳೆ, ಗಂಡನ ಮನೆಗೆ ಹೊರಡುವ ಹೊತ್ತಿಗೇ ವಿಧವೆಯಾಗುತ್ತಾಳೆ. ಬಡವರ ಮನೆಯ ಗೆಹನಾಳನ್ನು ದುಡ್ಡು ಕೊಟ್ಟು ತಂದು ಮನೆಯ ವಯಸ್ಸಾದ ಗಂಡಸೊಬ್ಬನಿಗೆ ಕಟ್ಟುತ್ತಾರೆ. ಆನಂದಿ ಇದನ್ನೆಲ್ಲ ನೋಡುತ್ತಾ ನಿಂತಿರುತ್ತಾಳೆ. ನೋಡುತ್ತಾ ನೋಡುತ್ತಾ ಬೆಳೆಯುತ್ತಾಳೆ. ಮುಂದೆ ಡಾಕ್ಟರ್ ಓದಲು ಹೋದ ಜಗದೀಶ ಅಲ್ಲೇ ಇನ್ನೊಬ್ಬಳನ್ನು ಮದುವೆಯಾದಾಗ ಆನಂದಿ ಅತ್ತು ಕೂರದೆ ಊರಿನ ಸರಪಂಚಳಾಗುವುದನ್ನು ನಾವು ನಂಬುತ್ತೇವೆ. ಆಕೆ ಅಷ್ಟು ಹೊತ್ತಿಗೆ ಅಷ್ಟನ್ನು ಕಂಡಿರುತ್ತಾಳೆ. ಕನ್ನಡದ ಗೌರಿಗೂ ಇದೇ ಆಗುತ್ತದೆ. ಮಹೇಶ ಡಾಕ್ಟರ್ ಓದಲು ಹೋಗಿ ಹಿಮಾಳನ್ನು ಕಟ್ಟಿಕೊಳ್ಳುತ್ತಾನೆ.

ಸಮಸ್ಯೆಗಳನ್ನು ಹೀಗೆ ಪಾತ್ರಗಳ ಮೂಲಕ ಹೇಳುವ ವಿದ್ಯೆ ಹಳೆಯದು. ಮೆಕ್ಸಿಕೋ ದೇಶದಲ್ಲಿ ಮಿಗೆಲ್ ಸಬಿದೊ ಎಂಬ ನಿರ್ಮಾಪಕ 1975ರಿಂದ ಅಕ್ಷರ ಕಲಿಕೆ, ಕುಟುಂಬ ಯೋಜನೆಯಂಥ ವಿಷಯ ಇಟ್ಟುಕೊಂಡು ಧಾರಾವಾಹಿಗಳನ್ನು ಮಾಡಿದರು. ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರರ ವಿಚಾರ ಅವರಿಗೆ ಆಧಾರ. ಮನುಷ್ಯ ಉಪದೇಶದಿಂದ ಕಲಿಯುವುದಕ್ಕಿಂತ ತನ್ನಂಥವರನ್ನು ನೋಡಿ ಹೆಚ್ಚು ಕಲಿಯುತ್ತಾನೆ ಎಂಬುದು ಆ ವಿಚಾರ. ಸಬಿದೊ ತಮ್ಮ ಕಥೆಯಲ್ಲಿ ಮೂರು ಬಗೆಯ ಪಾತ್ರಗಳನ್ನು ಇಡುತ್ತಿದ್ದರು. ಒಂದು, ಒಳ್ಳೆಯ ದಾರಿಯಲ್ಲಿರುವ ಪಾತ್ರ. ಎರಡು, ಕೆಟ್ಟ ದಾರಿ ಬಿಡದ ಪಾತ್ರ. ಮೂರನೆಯದು ನಡುವೆ ನಿಂತದ್ದು: ಮೊದಲು ತಪ್ಪು ಮಾಡುತ್ತದೆ, ಅನುಮಾನ ಪಡುತ್ತದೆ, ಪೆಟ್ಟು ತಿನ್ನುತ್ತದೆ, ನಿಧಾನವಾಗಿ ಬದಲಾಗುತ್ತದೆ. ನೋಡುವವರು ಹಿಡಿದುಕೊಳ್ಳಬೇಕಾದದ್ದು ಈ ಮೂರನೆಯದರ ಕೈಯನ್ನು.

ನಮ್ಮ ದೇಶದಲ್ಲಿ 1984ರ ಜುಲೈನಲ್ಲಿ ದೂರದರ್ಶನದಲ್ಲಿ ಶುರುವಾದ 'ಹಮ್ ಲೋಗ್' ಮೆಕ್ಸಿಕೋದ ಈ ಮಾದರಿಯನ್ನು ನೋಡಿಯೇ ಮಾಡಿದ್ದು. ಬರೆದವರು ಮನೋಹರ ಶ್ಯಾಮ ಜೋಶಿ. ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು ನಾಲ್ಕು ಮಾತು ಹೇಳುತ್ತಿದ್ದರು. ಅದರಲ್ಲಿ ಮಝಲಿ ಎಂಬ ಹುಡುಗಿ ಸಿನಿಮಾ ಸೇರುವ ಆಸೆಯಿಂದ ಮುಂಬೈಗೆ ಹೋಗಿ ಮೋಸ ಹೋಗುತ್ತಾಳೆ. ತಾಯಿ ಭಾಗವಂತಿ ಎಲ್ಲರಿಂದ ಬೈಸಿಕೊಂಡು ಸುಮ್ಮನೆ ದುಡಿಯುತ್ತಾಳೆ. ಹೀಗೆ ಇರಬೇಡಿ ಎಂದು ತೋರಿಸಲು ಬರೆದ ಪಾತ್ರವದು. ಆದರೆ ಅರವಿಂದ ಸಿಂಘಲ್ ಮತ್ತು ಎವರೆಟ್ ರೋಜರ್ಸ್ ಎಂಬ ಸಂಶೋಧಕರು ಪ್ರೇಕ್ಷಕರನ್ನು ಕೇಳಿದಾಗ, ಭಾಗವಂತಿಯೇ ಆದರ್ಶ ಹೆಂಗಸು, ಹಾಗೇ ಇರಬೇಕು ಎಂದು ಮೆಚ್ಚಿದವರೂ ಸಿಕ್ಕರು. ಬರೆದವರು ಒಂದು ಹೇಳಿದರೆ ನೋಡಿದವರು ಇನ್ನೊಂದು ತೆಗೆದುಕೊಂಡರು.

ಇದನ್ನು ಓದಿದಾಗ ನನಗೆ ಪಕ್ಕದ ಮನೆಯ ಆಯಿ ನೆನಪಾದಳು. ಗೌರಿ ಅತ್ತಾಗೆಲ್ಲ ಆಯಿ ತನ್ನ ಸೊಸೆಯ ಕಡೆ ತಿರುಗಿ, "ನೋಡವ್ವ, ಹೆಣ್ಮಕ್ಕಳಿಗಿ ಗೌರಿಯಂಗ ಸಹನ ಇರಬೇಕು" ಎನ್ನುತ್ತಿದ್ದಳು. ಸೊಸೆ ಆಗ ಒಳಗೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಆ ಮಾತು ಮುಗಿದ ಮೇಲೆ ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಜೋರಾಗುತ್ತಿತ್ತು.

ಬಾಲ್ಯವಿವಾಹದ ಕಥೆಯಲ್ಲಿ ಆ ಮೂರನೆಯ ಪಾತ್ರ ಯಾರು? ಹುಡುಗಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹುಡುಗಿಗೆ ಬದಲಾಗಲು ಏನಿದೆ? ಅವಳಿಗೆ ಮೊದಲಿನಿಂದಲೂ ಆಡಬೇಕು, ಓದಬೇಕು. ಅವಳಿಗೆ ಯಾರೂ ಏನನ್ನೂ ಮನವರಿಕೆ ಮಾಡಬೇಕಾಗಿಲ್ಲ. ಮದುವೆ ನಿಶ್ಚಯ ಮಾಡುವವಳು ಅವಳಲ್ಲ. ಬದಲಾಗಬೇಕಾದವರು ಮನೆಯ ಹಿರಿಯರು. 'ಬಾಲಿಕಾ ವಧು'ವಿನ ನಿಜವಾದ ಮೂರನೆಯ ಪಾತ್ರ ದಾದಿಸಾ ಕಲ್ಯಾಣಿದೇವಿ. ನಟಿ ಸುರೇಖಾ ಸಿಕ್ರಿ (2021ರಲ್ಲಿ ತೀರಿಕೊಂಡರು) ಆ ಅಜ್ಜಿಯನ್ನು ಹೇಗೆ ಮಾಡಿದ್ದರೆಂದರೆ, ಮೊದಲು ಆಕೆ ಪರದೆಯ ಮೇಲೆ ಬಂದರೆ ನಾನು ದಿಂಬಿನ ಹಿಂದೆ ಅವಿತುಕೊಳ್ಳುತ್ತಿದ್ದೆ. ದಾದಿಸಾ ಕೂಡ ಎಳೆ ವಯಸ್ಸಿನಲ್ಲೇ ಮದುವೆಯಾಗಿ ಬಂದವಳು. ತಾನು ಪಟ್ಟದ್ದನ್ನೇ ನಿಯಮ ಮಾಡಿ ಮೊಮ್ಮಗನ ಹೆಂಡತಿಗೆ ಹಾಕುತ್ತಾಳೆ. ಆದರೆ ವರ್ಷಗಟ್ಟಲೆ ಕಥೆಯಲ್ಲಿ ಒಂದೊಂದೇ ಗಂಟು ಸಡಿಲುತ್ತದೆ. ವಿಧವೆ ಮೊಮ್ಮಗಳ ಮರುಮದುವೆ ಒಪ್ಪುತ್ತಾಳೆ. ಕೊನೆಗೆ ಸ್ವಂತ ಮೊಮ್ಮಗನನ್ನು ಬಿಟ್ಟು ಆನಂದಿಯ ಪರ ನಿಲ್ಲುತ್ತಾಳೆ.

2020ರ ಲಾಕ್‌ಡೌನ್‌ನಲ್ಲಿ 'ಬಾಲಿಕಾ ವಧು' ಮತ್ತೆ ಪ್ರಸಾರವಾಯಿತು. ಶಾಲೆ ಇರಲಿಲ್ಲ. ನಾನು ಮತ್ತು ನಾನಿ ಇಬ್ಬರೂ ಕೂತು ನೋಡಿದೆವು. ಅದು ನಿಂತ ಮೇಲೆ ಉಳಿದದ್ದನ್ನು ಮಾಮುನ ಮೊಬೈಲಿನಲ್ಲಿ ನೋಡಿದೆವು. ಆಗ ನನಗೆ ಹದಿಮೂರು. ನಾನಿಗೆ ನಿಕಾಹ್ ಆದದ್ದೂ ಹದಿಮೂರಕ್ಕೆ. ಆ ಲೆಕ್ಕ ಹೇಳಿದವಳೂ ನಾನಿಯೇ, ಆನಂದಿ ಅತ್ತೆಮನೆಯ ಅಟ್ಟದಲ್ಲಿ ಅವಿತುಕೊಂಡ ದೃಶ್ಯದ ನಡುವೆ. ತೊಗರಿ ಕೊಯ್ಲಿನ ದಿನಗಳಲ್ಲಿ ಮದುವೆಯಾಯಿತಂತೆ. ವಕೀಲರು ಒಳಗೆ ಬಂದು ಕಬೂಲ್ ಇದೆಯಾ ಎಂದು ಕೇಳಿದಾಗ ಪಕ್ಕದಲ್ಲಿ ಕೂತ ಹಿರಿಯ ಹೆಂಗಸು ತಲೆಯನ್ನು ಹಿಂದಿನಿಂದ ಒತ್ತಿದರಂತೆ, ಅದೇ ಒಪ್ಪಿಗೆ ಆಯಿತಂತೆ. ನಿಕಾಹ್‌ನಲ್ಲಿ ಹುಡುಗಿಯ ಒಪ್ಪಿಗೆ ಕೇಳಲೇಬೇಕು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹದಿಮೂರರ ಹುಡುಗಿಗೆ ಯಾವುದಕ್ಕೆ ಒಪ್ಪುತ್ತಿದ್ದೇನೆ ಎಂದು ಗೊತ್ತಿರಬೇಕಲ್ಲ.

ದಾದಿಸಾ ಬೈಯುವಾಗ ನಾನಿ ಮೊದಮೊದಲು ಆಕೆಯ ಪರ. "ಮನೆ ನಡೆಸುವುದು ಸುಲಭವಾ?" ಎನ್ನುತ್ತಿದ್ದಳು. ದಾದಿಸಾ ಮೆತ್ತಗಾಗುತ್ತಾ ಹೋದ ಹಾಗೆ ನಾನಿಯೂ ಸುಮ್ಮನಾದಳು. ದಾದಿಸಾ ಅಳುವಾಗ ನಾನಿ ಕನ್ನಡಕ ಒರೆಸಿಕೊಳ್ಳುವ ನೆಪ ಮಾಡುತ್ತಿದ್ದಳು. ಆನಂದಿ ಅತ್ತರೆ ನಾನಿ ಎಂದೂ ಅತ್ತಿಲ್ಲ.

ಇನ್ನು ನಮ್ಮ ಅಜ್ಜಮ್ಮನ ಕಥೆ. 'ಪುಟ್ಟಗೌರಿ ಮದುವೆ'ಯಲ್ಲೂ ಅದೇ ಜಾಗದಲ್ಲಿ ಅಜ್ಜಮ್ಮ ಇದ್ದಳು. ಆದರೆ ಬರಬರುತ್ತಾ ಆಕೆ ಗೌರಿಯ ವಿರುದ್ಧ ಹೂಡುವ ಖಳಪಾತ್ರವಾದಳು. ಗೌರಿ ಬೆಟ್ಟದಿಂದ ಬಿದ್ದು, ಬದುಕಿ, ಕಾಡಿನಲ್ಲಿ ಅಲೆದು, ಕಾಡುಪ್ರಾಣಿಗಳಿಂದ ಪಾರಾಗಿ ಬಂದಳು. ಆ ಹೊತ್ತಿನ ಟ್ರೋಲ್‌ಗಳು ಇವತ್ತಿಗೂ ಮೊಬೈಲಿನಲ್ಲಿ ಓಡಾಡುತ್ತವೆ. ತರಗತಿಯಲ್ಲಿ ನನ್ನ ಗೆಳತಿಯರು ನಕ್ಕದ್ದು ಅದನ್ನೇ ನೆನೆದು. ರಂಜನಿ ರಾಘವನ್ ಚೆನ್ನಾಗಿಯೇ ಅಭಿನಯಿಸಿದ್ದರು, ಗೌರಿ ಧೈರ್ಯವಂತೆಯಾಗಿಯೇ ಬೆಳೆದಳು. ತಪ್ಪು ಅಲ್ಲಿಲ್ಲ.

ಹೀಗೇಕಾಗುತ್ತದೆ ಎಂಬುದಕ್ಕೆ ಧಾರಾವಾಹಿಯ ವ್ಯಾಪಾರವನ್ನು ಸ್ವಲ್ಪ ತಿಳಿಯಬೇಕು. ದಿನದ ಧಾರಾವಾಹಿಗೆ ವಾರಕ್ಕೆ ಐದಾರು ಕಂತು ಬೇಕು. ವಾರವಾರ ಟಿಆರ್‌ಪಿ ಅಂಕಿ ಬರುತ್ತದೆ, ಅದರ ಮೇಲೆ ಜಾಹೀರಾತಿನ ದರ, ಅದರ ಮೇಲೆ ಧಾರಾವಾಹಿಯ ಆಯಸ್ಸು. ಸಾಮಾಜಿಕ ಸಮಸ್ಯೆಯ ಕಥೆಗೆ ಒಂದು ಗುಣವಿದೆ: ಅಜ್ಜಿ ಬದಲಾದರೆ ಕಥೆ ಮುಗಿಯುತ್ತದೆ. ಮುಗಿಯುವುದು ಯಾರಿಗೂ ಬೇಕಿಲ್ಲ. ಅಜ್ಜಿಯನ್ನು ಬದಲಾಗದಂತೆ ಇಟ್ಟರೆ, ಇನ್ನಷ್ಟು ಕೆಟ್ಟವಳನ್ನಾಗಿಸಿದರೆ, ಇನ್ನೂರು ಕಂತು ಹೆಚ್ಚು ಸಿಗುತ್ತದೆ. ಕೆಟ್ಟತನಕ್ಕೆ ಕೊನೆ ಇಲ್ಲ, ವಿಷದ ಲೋಟ ಆದ ಮೇಲೆ ಬೆಟ್ಟ ಇರುತ್ತದೆ. 'ಬಾಲಿಕಾ ವಧು'ವೂ ಇದರಿಂದ ಪೂರ್ತಿ ತಪ್ಪಿಸಿಕೊಳ್ಳಲಿಲ್ಲ. ಅಪಹರಣ, ಗುಂಡಿನ ಸದ್ದು ಅದರಲ್ಲೂ ಇತ್ತು. 2009ರಲ್ಲೇ ಲೋಕಸಭೆಯಲ್ಲಿ ಅದರ ಮೇಲೆ ಆಕ್ಷೇಪ ಎದ್ದಿತ್ತು. ಆದರೆ ದಾದಿಸಾಳನ್ನು ಮಾತ್ರ ಅದು ಕೈಬಿಡಲಿಲ್ಲ.

ನಷ್ಟ ಏನೆಂದರೆ, ಅಜ್ಜಮ್ಮ ರಾಕ್ಷಸಿಯಾದ ದಿನ ಪಕ್ಕದ ಮನೆಯ ಆಯಿಗೆ ಬಿಡುಗಡೆ ಸಿಕ್ಕಿತು. ತಾನು ಯಾರನ್ನೂ ಕೊಲ್ಲಲು ಹೊರಟಿಲ್ಲವಲ್ಲ. ಹಾಗಾದರೆ ತಾನು ಒಳ್ಳೆಯವಳು. ಸೊಸೆಯನ್ನು ಹದಿನಾರಕ್ಕೆ ಮನೆ ತುಂಬಿಸಿಕೊಂಡದ್ದು ಆ ಅಜ್ಜಮ್ಮನ ಕೆಲಸದ ಮುಂದೆ ಏನೂ ಅಲ್ಲ. ನಿಜವಾದ ಬಾಲ್ಯವಿವಾಹಗಳನ್ನು ಮಾಡುವವರು ರಾಕ್ಷಸರಲ್ಲ. ದುಡಿಯಲು ಮುಂಬೈಗೋ ಹೈದರಾಬಾದಿಗೋ ಹೋಗಬೇಕು, ದೊಡ್ಡ ಹುಡುಗಿಯನ್ನು ಯಾರ ಮನೆಯಲ್ಲಿ ಬಿಟ್ಟು ಹೋಗುವುದು ಎಂದು ಹೆದರಿದ ತಂದೆ ತಾಯಿ. ಎರಡು ಮದುವೆಯ ಖರ್ಚು ಒಂದೇ ಚಪ್ಪರದಲ್ಲಿ ಮುಗಿಯಲಿ ಎಂದು ಅಕ್ಕನ ಜೊತೆ ತಂಗಿಯನ್ನೂ ಕೂರಿಸುವವರು. ನಮ್ಮ ಮೇಲೆ ಪ್ರೀತಿ ಇರುವವರೇ. ಅವರನ್ನು ಯಾವ ಧಾರಾವಾಹಿಯೂ ಬೆಟ್ಟದಿಂದ ತಳ್ಳುವವರ ಸಾಲಿನಲ್ಲಿ ತೋರಿಸಬಾರದು, ಏಕೆಂದರೆ ಅಲ್ಲಿ ಅವರು ತಮ್ಮ ಮುಖ ಕಾಣುವುದಿಲ್ಲ.

ಇದು ಹಳೆಯ ಕಾಲದ ಮಾತು ಎನ್ನುವವರಿಗೆ ಒಂದು ಅಂಕಿ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು. ನಮ್ಮ ಬೆಂಚಿನಲ್ಲಿ ಐವರು ಕೂರುತ್ತೇವೆ.

ಧಾರಾವಾಹಿಯ ಹುಡುಗಿ ಕಣ್ಣೀರಿನಿಂದ ಗೆಲ್ಲುತ್ತಾಳೆ, ನಮಗೆ ಕಾನೂನೂ ಇದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು. ಕರ್ನಾಟಕ ಇದಕ್ಕೆ ತಿದ್ದುಪಡಿ ತಂದಿದ್ದು, 2017ರಿಂದ ಇಂಥ ಮದುವೆ ನಮ್ಮ ರಾಜ್ಯದಲ್ಲಿ ಮೊದಲಿನಿಂದಲೇ ಅಸಿಂಧು. ಮದುವೆ ಮಾಡಿಸಿದವರಿಗೆ, ಓದಿಸಿದವರಿಗೆ ಶಿಕ್ಷೆಯಿದೆ. ತಹಶೀಲ್ದಾರ್, ಸಿಡಿಪಿಒ, ಪಂಚಾಯ್ತಿಯ ಪಿಡಿಒ ಇವರೆಲ್ಲ ತಡೆಯುವ ಅಧಿಕಾರ ಉಳ್ಳವರು. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ, ಹೆಸರು ಹೇಳದೆಯೂ, ಫೋನ್ ಮಾಡಬಹುದು. "ನಮ್ಮ ಶರೀಅತ್‌ನಲ್ಲಿ ನಡೆಯುತ್ತದೆ" ಎಂಬ ಮಾತು ನಮ್ಮ ಮನೆಗಳಲ್ಲಿ ಬರುತ್ತದೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಪ್ರಕರಣವೊಂದರಲ್ಲಿ, ಪೋಕ್ಸೊ ವಿಶೇಷ ಕಾಯ್ದೆಯಾದ್ದರಿಂದ ಅದು ವೈಯಕ್ತಿಕ ಕಾನೂನಿಗಿಂತ ಮೇಲು, 18ರ ಒಳಗಿನ ಹುಡುಗಿಯ ವಿಷಯದಲ್ಲಿ ಆ ವಾದ ನಿಲ್ಲುವುದಿಲ್ಲ ಎಂದು ಹೇಳಿದೆ.

ಹಾಗಾದರೆ ಟೀವಿ ನೋಡಿ ಜನ ಬದಲಾಗುತ್ತಾರಾ? ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಹಳ್ಳಿಗಳಿಗೆ ಕೇಬಲ್ ಬರುವ ಮೊದಲು ಮತ್ತು ಬಂದ ಮೇಲೆ ಅದೇ ಮನೆಗಳನ್ನು ಕೇಳಿ 2009ರಲ್ಲಿ ಪ್ರಕಟಿಸಿದರು. ಕೇಬಲ್ ಬಂದ ಊರುಗಳಲ್ಲಿ ಗಂಡ ಹೊಡೆಯುವುದು ಸರಿ ಎನ್ನುವ ಹೆಂಗಸರು ಕಡಿಮೆಯಾಗಿದ್ದರು, ಗಂಡುಮಗುವೇ ಬೇಕು ಎನ್ನುವುದೂ ಕಡಿಮೆಯಾಗಿತ್ತು. ಅವರು ನೋಡುತ್ತಿದ್ದದ್ದು ಸಮಾಜ ಸುಧಾರಣೆಯ ಕಾರ್ಯಕ್ರಮಗಳನ್ನಲ್ಲ, ಸಾಮಾನ್ಯವಾಗಿ ಟೀವಿಯಲ್ಲಿ ಬರುವುದನ್ನೇ.

ನನ್ನ ಮನೆಯ ಲೆಕ್ಕ ಇಷ್ಟು. ಕಳೆದ ವರ್ಷ, ನಾನು ಮೊದಲ ಪಿಯುಸಿಯಲ್ಲಿದ್ದಾಗ, ಒಂದು ರಿಶ್ತಾ ಬಂತು. ಹುಡುಗ ಹೈದರಾಬಾದಿನಲ್ಲಿ ಎಸಿ ರಿಪೇರಿ ಕೆಲಸ ಮಾಡುತ್ತಾನೆ, ಒಳ್ಳೆಯ ಮನೆ. ಅಬ್ಬಾಗೆ ಮನಸ್ಸಿತ್ತು. ಅಮ್ಮಿ ಏನೂ ಹೇಳಲಿಲ್ಲ. ಬಂದವರಿಗೆ ಚಹಾ ಕೊಟ್ಟು ನಾನು ಒಳಗೆ ಬಂದೆ. ಹೊರಗೆ ನಾನಿಯ ದನಿ ಕೇಳಿಸಿತು: "ಇನ್ನೂ ಹದಿನಾರು ಅವಳಿಗೆ. ಪರೀಕ್ಷೆ ಎರಡೂ ಬರೆಯಲಿ. ಆಮೇಲೆ ಅವಳನ್ನೇ ಕೇಳಿ." ಬಂದವರು ನಗುತ್ತಾ, ನಿಮಗೆ ಯಾವ ವಯಸ್ಸಿಗೆ ಆಯಿತು ಎಂದರು. ನಾನಿ, "ಅದಕ್ಕೇ ಹೇಳ್ತಿದ್ದೀನಿ" ಎಂದಳು.

ಈ ಲೇಖನಕ್ಕೆಂದು ಹೋದ ವಾರ ನಾನಿಯನ್ನು ಕೇಳಿದೆ, ಅವತ್ತು ಹಾಗೆ ಹೇಳಿದ್ದು ದಾದಿಸಾಳನ್ನು ನೋಡಿಯಾ ಎಂದು. ನಾನಿ ಎಲೆ ಅಡಿಕೆ ಡಬ್ಬಿ ಮುಚ್ಚಿ, ಟೀವಿ ನೋಡಿ ಯಾರಾದರೂ ಬದಲಾಗುತ್ತಾರೇನೇ ಹುಚ್ಚಿ, ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಆ ಮುದುಕಿ ಕೊನೆಗೆ ಆನಂದಿಯ ಎರಡನೇ ಮದುವೆಗೆ ನಿಂತಳಲ್ಲ, ಆ ಕಂತು ನಿನ್ನ ಮೊಬೈಲಿನಲ್ಲಿ ಸಿಗುತ್ತದಾ ನೋಡು, ಎಂದು ಕನ್ನಡಕ ಹುಡುಕತೊಡಗಿದಳು.